ಅಳತೆ ಕೊಟ್ಟವಳು

ಇಂಟರ್ನೆಟ್ಟಿನಲ್ಲಿ ಸಣ್ಣ ವ್ಯಾಪಾರ ಬೆಳೆಸುವುದು ಹೇಗೆ ಅಂತ ಮಕ್ಕಳಿಗೆ ಎರಡು ಮಾತು ಹೇಳಿ ಎಂದು ಒಂದು ಕಾಲೇಜಿನವರು ಈಚೆಗೆ ನನ್ನನ್ನು ಕರೆದಿದ್ದರು. ನಾನು ಹೋಗಲಿಲ್ಲ. ನನಗೆ ಗೊತ್ತಿರುವುದು ಬೆಳೆಸಿದ ಕಥೆಯಲ್ಲ. ಆದರೂ ಈ ಕೆಲಸಕ್ಕೆ ಈಗ ಹೊಸದಾಗಿ ಇಳಿಯುತ್ತಿರುವ ಹುಡುಗ ಹುಡುಗಿಯರು ಇದನ್ನು ತಿಳಿದಿರುವುದು ಒಳ್ಳೆಯದು ಅನ್ನಿಸಿ ಬರೆಯುತ್ತಿದ್ದೇನೆ. ವೇದಿಕೆಯ ಮೇಲೆ ನಿಂತು ಇದನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನಾನು ಕುಂದಾಪುರದ ಬಸ್‌ ಸ್ಟ್ಯಾಂಡಿನ ಹಿಂದೆ ಪೈಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಹಾಗಾಗಿ ಊರಿಗೆಲ್ಲ ನಾನು ‘ಟೀಚರ್’. 1997ರಲ್ಲಿ ಪೈಗಳು ಒಂದು ಕಂಪ್ಯೂಟರ್ ತಂದರು. ಟೈಪ್‌ರೈಟರುಗಳು ಗೋಡೆಯ ಬದಿಗೆ ಸರಿದವು, ಮತ್ತೆ ಗುಜರಿಗೆ ಹೋದವು. ಮದುವೆ ಕಾಗದ, ಉತ್ತರಕ್ರಿಯೆ ಕಾಗದ, ಅಂಗಡಿಗಳ ಬಿಲ್‌ ಪುಸ್ತಕ ಇವನ್ನೆಲ್ಲ ನಾನು ಅಚ್ಚಿಗೆ ಸಿದ್ಧಮಾಡಿ ಕೊಡುತ್ತಿದ್ದೆ. ಒಂದೆರಡು ವರ್ಷ ಕಳೆದು ಫೋನಿನ ತಂತಿಯಲ್ಲಿ ಇಂಟರ್ನೆಟ್ ಬಂದಾಗ ಪೈಗಳಿಗೆ ಹೊಸ ಹುಚ್ಚು ಹಿಡಿಯಿತು.

“ಟೀಚರ್, ಇನ್ನು ಪ್ರತಿ ಅಂಗಡಿಗೂ ಒಂದು ವೆಬ್‌ಸೈಟ್ ಬೇಕಾಗ್ತದೆ. ಮಾಡುವುದು ನಾನು, ಬರೆಯುವುದು ನೀವು.”

“ನಾನು ಎಂತ ಬರೆಯುದು ಪೈಗಳೇ?”

“ಜನರಿಗೆ ಉಪಯೋಗ ಆಗುವಂಥದ್ದು ಬರೀರಿ. ಪುಕ್ಕಟೆ ಕೊಡಿ. ಪುಕ್ಕಟೆ ರುಚಿ ಹತ್ತಿದವ ನಾಳೆ ದುಡ್ಡು ಕೊಟ್ಟು ತಗೊಳ್ತಾನೆ.”

ಅವರು ಕೆಟ್ಟವರಲ್ಲ. ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕುವವರು, ಕಾಯಿಲೆ ಎಂದರೆ ತಾವೇ ಮದ್ದು ತಂದುಕೊಡುವವರು. ಆದರೆ ಒಂದು ಮಾತು ತಲೆಗೆ ಹೊಕ್ಕಿತೆಂದರೆ ಅದನ್ನು ತೆಗೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಆ ಮಾತನ್ನು ನಾನೂ ಹದಿನೈದು ವರ್ಷ ನಂಬಿದೆ.

ಮೊದಲು ಸಿಕ್ಕ ಗಿರಾಕಿ ಬ್ರಹ್ಮಾವರದ ಎಣ್ಣೆ ಗಾಣದ ಯಜಮಾನರು, ಬಾಬಣ್ಣ. ತೆಂಗಿನೆಣ್ಣೆ ಕೆಡದ ಹಾಗೆ ಇಡುವುದು ಹೇಗೆ, ಚಳಿಗೆ ಗಟ್ಟಿಯಾದರೆ ಏನು ಮಾಡಬೇಕು, ಬೆರಕೆ ಕಂಡುಹಿಡಿಯುವುದು ಹೇಗೆ ಎಂದು ನಾನು ಪುಟಗಟ್ಟಲೆ ಬರೆದೆ. ಬರೆದದ್ದು ಕನ್ನಡದಲ್ಲಿ. ಆಗಿನ ಕಾಲದಲ್ಲಿ ಆ ಅಕ್ಷರ ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿತ್ತು, ಬೇರೆಯವರಲ್ಲಿ ತೆರೆದರೆ ಇರುವೆ ಸತ್ತು ಬಿದ್ದ ಹಾಗೆ ಏನೇನೋ ಗುರುತು. ಅದು ಗೊತ್ತಾಗಲಿಕ್ಕೇ ಮೂರು ತಿಂಗಳು ಹಿಡಿಯಿತು. ಮತ್ತೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಹಾಕಿದೆ.

ಎಂಟು ತಿಂಗಳಾದ ಮೇಲೆ ಬಾರ್ಕೂರಿನ ಹಿರಿಯರೊಬ್ಬರು ಬಸ್ಸು ಹಿಡಿದು ಬ್ರಹ್ಮಾವರದ ಗಾಣಕ್ಕೆ ಬಂದರು. ನಾನೂ ಆ ದಿನ ಅಲ್ಲೇ ಇದ್ದೆ. ಅವರು ನಿವೃತ್ತ ಪೋಸ್ಟ್‌ ಮಾಸ್ತರರು. ಜೇಬಿನಿಂದ ಒಂದು ಚೀಟಿ ತೆಗೆದರು.

“ಇಲ್ಲಿ ಎಣ್ಣೆ ಮಾರುದಾ? ನಿಮಗೆ ಬರ್ಕಾದ ಫೋನೆಲ್ಲ ನನ್ ಮನೆಗೆ ಬತ್ತಿತ್ತ್. ಮರೀಬಾರ್ದ್ ಅಂತ ಬರ್ದಿಟ್ಟಿದ್ದೆ.”

ಪುಟದಲ್ಲಿ ನಾನು ಫೋನ್ ನಂಬರಿನ ಒಂದು ಅಂಕಿ ತಪ್ಪು ಹಾಕಿದ್ದೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಬಣ್ಣ ಚೀಟಿ ಬಿಡಿಸಿ ನೋಡಿದರು. ಎಂಟು ತಿಂಗಳಲ್ಲಿ ಬಂದದ್ದು ಮೂರು ಫೋನು. ಅದರಲ್ಲೊಂದು ನಮ್ಮ ಪೈಗಳದ್ದೇ. ನಂಬರ್ ಸರಿ ಇದೆಯೋ ಅಂತ ನೋಡಲು ಮಾಡಿ, ಆಚೆಯಿಂದ ‘ಹಲೋ’ ಎಂದದ್ದು ಕೇಳಿ, ಸಮಾಧಾನದಿಂದ ಇಟ್ಟಿದ್ದರು.

“ಮೂರೇ?” ಎಂದರು ಬಾಬಣ್ಣ. ಬೈಯಲಿಲ್ಲ. “ನಾನ್ ಅಷ್ಟ್ ದಿನದಿಂದ ಫೋನಿನ್ ಹತ್ರವೇ ಕೂಕಂಡಿದ್ದೆ ಟೀಚರೆ. ಊಟಕ್ಕೆ ಹೋಯ್ಕಾರೆ ಹೆಂಡ್ತಿನ್ ಕೂರ್ಸಿ ಹೋತಿದ್ದೆ.”

ತಪ್ಪು ಅಂಕಿಗಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಅಂಕಿ ಸರಿ ಇದ್ದಿದ್ದರೂ ಬರುತ್ತಿದ್ದದ್ದು ಎರಡೇ ಫೋನು.

ತ್ರಾಸಿಯ ಮಂಜುನಾಥ ಕಡಲಿಗೆ ಮುಖಮಾಡಿ ಎರಡು ಕೋಣೆ ಕಟ್ಟಿಸಿದ್ದ, ಬಂದವರು ಉಳಿದುಕೊಳ್ಳಲಿ ಎಂದು. ಅವನಿಗಾಗಿ ನಾನು ಆ ದಂಡೆಯನ್ನು ಅಂಗುಲ ಅಂಗುಲ ಬರೆದೆ. ಸೂರ್ಯ ಮುಳುಗುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ನೀರಿಗೆ ಇಳಿಯಬಾರದು, ಮಕ್ಕಳಿಗೆ ಯಾವ ಜಾಗ ಒಳ್ಳೆಯದು ಎಂದೆಲ್ಲ. ಜನ ಬಂದರು. ನನ್ನ ಪುಟವನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಬಂದರು. ಅವನ ಅಂಗಳದಲ್ಲಿ ಕಾರು ನಿಲ್ಲಿಸಿ, ಅವನ ಬಾವಿಯ ನೀರು ಸೇದಿ ಕಾಲಿನ ಮರಳು ತೊಳೆದು, ಉಳಿಯಲು ದೊಡ್ಡ ಲಾಡ್ಜಿಗೆ ಹೋದರು. ಎರಡು ಬೇಸಿಗೆ ಕಳೆಯಿತು. ಒಂದು ದಿನ ಅವನು ಪೈಗಳ ಅಂಗಡಿಗೆ ಬಂದು, “ಟೀಚರೆ, ಆ ಪುಟ ತೆಗೀನಿ. ಬಾವಿ ನೀರ್ ಸಾಕಾತಿಲ್ಲ” ಎಂದ. ತೆಗೆದೆ.

ಪೈಗಳು ಇದರಿಂದೆಲ್ಲ ಕುಗ್ಗುವವರಲ್ಲ. “ನೋಡಿದವರು ಎಷ್ಟು ಜನ ಅದನ್ನು ಹೇಳಿ” ಎನ್ನುತ್ತಿದ್ದರು. ಪುಟವನ್ನು ಎಷ್ಟು ಜನ ತೆರೆದರೆಂದು ತೋರಿಸುವ ಒಂದು ಲೆಕ್ಕ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅಗರಬತ್ತಿ ಹಚ್ಚಿದ ಮೇಲೆ ಅವರು ಮಾಡುವ ಮೊದಲ ಕೆಲಸ ಅದನ್ನು ನೋಡುವುದು.

ಈಗ ಗಿರಿಜಕ್ಕನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಾನು ಅದನ್ನೇ ಮುಂದೂಡುತ್ತಿದ್ದೆ.

ಗಿರಿಜಕ್ಕ ಬೀಜಾಡಿಯ ಮೀನುಗಾರರ ಮನೆಯವಳು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದರೂ ಊರಿಗೆಲ್ಲ ಅಕ್ಕ. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಕೋಟೇಶ್ವರದ ಬೀದಿಗಳಲ್ಲಿ ಮೀನು ಮಾರಿದ್ದಳು. ಕುತ್ತಿಗೆಯ ನೋವು ತಡೆಯಲಾರದೆ ಅದನ್ನು ಬಿಟ್ಟು, ಕೋಟೇಶ್ವರದಲ್ಲೊಂದು ಶೆಡ್ಡು ಹಿಡಿದು ಮೀನು ಸಾರಿನ ಮಸಾಲೆ ಪುಡಿ ಮಾಡಲು ಶುರುಮಾಡಿದಳು. ಅವಳ ಜೊತೆ ಮೂವರು ಹೆಂಗಸರು ಹುರಿಯುತ್ತಿದ್ದರು. ಮೂವರೂ ಮೊದಲು ಬುಟ್ಟಿ ಹೊತ್ತವರೇ. ಪುಡಿ ಎಲ್ಲಿಯದು ಎಂದು ಕೇಳಿದರೆ, “ನಮ್ಮತ್ತೆ ಕಲ್ಸದ್ದ್” ಎನ್ನುತ್ತಿದ್ದಳು. ಅದರಾಚೆ ಒಂದು ಅಕ್ಷರ ಬಾಯಿಬಿಡುತ್ತಿರಲಿಲ್ಲ.

ಅವಳು ನಮ್ಮ ಅಂಗಡಿಗೆ ಬಂದದ್ದು ಪ್ಯಾಕೆಟ್ಟಿನ ಚೀಟಿ ಮಾಡಿಸಲು. ಪೈಗಳು ಅವಳನ್ನು ಕೂರಿಸಿ ಬ್ಲಾಗಿನ ಕಥೆ ಹೇಳಿದರು. ಆ ಹೊತ್ತಿಗೆ ಕನ್ನಡ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಕಾಲ ಬಂದಿತ್ತು.

“ನಂಗ್ ಅದೆಲ್ಲ ತಿಳಿತಿಲ್ಲ” ಎಂದು ಅವಳು ನನ್ನ ಕಡೆ ತಿರುಗಿದಳು. “ನೀವ್ ಬರೀತ್ರಿಯಾ ಟೀಚರೆ? ಹಾಂಗಾರೆ ಆಯ್ಲಿ.”

ಬರೆಯಬೇಕಾದರೆ ನೋಡಬೇಕಲ್ಲ. ಒಂದು ವಾರ ನಾನು ಅವಳ ಶೆಡ್ಡಿನಲ್ಲಿ ಕುಳಿತೆ. ಮೆಣಸಿನ ಘಾಟಿಗೆ ಸೀನಿ ಸೀನಿ ಸೋತೆ. ಅವಳು ನಗುತ್ತಾ ನನ್ನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿದಳು. ಬ್ಯಾಡಗಿ ಮೆಣಸು ಎಷ್ಟು, ಖಾರದ ಮೆಣಸು ಎಷ್ಟು, ಕೊತ್ತಂಬರಿ ಯಾವ ಬಣ್ಣಕ್ಕೆ ಬಂದಾಗ ಬೆಂಕಿ ತೆಗೆಯಬೇಕು, ಮೆಂತೆಯನ್ನು ಯಾತರಲ್ಲಿ ಹುರಿಯಬೇಕು ಎಲ್ಲವನ್ನೂ ಹೇಳಿದಳು. ಯಾರಿಗೂ ಹೇಳದ್ದನ್ನು ನನಗೇಕೆ ಹೇಳಿದಳೋ ಗೊತ್ತಿಲ್ಲ. ಜೊತೆಗೆ ಕುಳಿತು ಗಂಜಿ ಉಂಡವಳೆಂದು ಇರಬೇಕು. ಕೊನೆಯ ದಿನ ಕೈ ಒರೆಸಿಕೊಳ್ಳುತ್ತಾ ಅಂದಳು:

“ಇಷ್ಟೆಲ್ಲ ಹೇಳ್ದೆ. ಆರೆ ಅಳತಿ ಬರೆಯೂಕಾಗ, ಹಾಂ.”

“ಇಲ್ಲ ಗಿರಿಜಕ್ಕ, ಬರೆಯುವುದಿಲ್ಲ” ಎಂದೆ.

ನಾನು ಸಾರುಗಳನ್ನು ಬರೆದೆ. ಬಂಗಡೆ ಸಾರು, ಸಿಗಡಿಯ ಅಂದರೆ ನಮ್ಮ ಚಟ್ಲಿಯ ಸುಕ್ಕ, ಮಳೆಗಾಲದಲ್ಲಿ ಒಣಮೀನಿನ ಸಾರು, ಕೋಳಿ ಸಾರು. ಪ್ರತಿಯೊಂದರಲ್ಲೂ ‘ಗಿರಿಜಕ್ಕನ ಮಸಾಲೆ ಎರಡು ಚಮಚ’ ಎಂದು ಸೇರಿಸಿದೆ. ಅದರ ಜೊತೆ ಬೀಜಾಡಿಯ ದಂಡೆ, ಬಲೆ ಎಳೆಯುವವರು, ಮೀನಿನ ಬುಟ್ಟಿ ಬಂದಾಗ ಮನೆಮನೆಯಿಂದ ಹೊರಬರುವ ಬೆಕ್ಕುಗಳು ಎಲ್ಲ ಬಂತು. ಮುಂಬೈಯಲ್ಲಿರುವ ನಮ್ಮ ಊರಿನವರು ಓದಿದರು. ಫೋನ್ ಬರತೊಡಗಿತು. ಈ ಸಲ ನಂಬರನ್ನು ನಾನು ಹತ್ತು ಸಲ ನೋಡಿ ಹಾಕಿದ್ದೆ. ಮುಂಬೈ ಬಸ್ಸಿನ ಡಿಕ್ಕಿಯಲ್ಲಿ ಮಸಾಲೆಯ ಡಬ್ಬಗಳು ಹೋದವು. ಬೈಂದೂರು ಕಡೆಯ ಶೆಟ್ಟರೊಬ್ಬರು ಮುಂಬೈಯಲ್ಲಿ ಮೀನೂಟದ ಹೋಟೆಲ್ ನಡೆಸುತ್ತಿದ್ದರು. ಅವರು ತಿಂಗಳು ತಿಂಗಳು ಮೂಟೆ ಲೆಕ್ಕದಲ್ಲಿ ತರಿಸತೊಡಗಿದರು. ಗಿರಿಜಕ್ಕ ಇನ್ನಿಬ್ಬರು ಹೆಂಗಸರನ್ನು ಕೆಲಸಕ್ಕೆ ಕರೆದಳು. ಪುಕ್ಕಟೆ ಕೊಟ್ಟ ಮಾತು ವ್ಯಾಪಾರವಾದದ್ದನ್ನು ನನ್ನ ಇಡೀ ವೃತ್ತಿಯಲ್ಲಿ ನಾನು ನೋಡಿದ್ದು ಆ ಒಂದೂವರೆ ವರ್ಷ ಮಾತ್ರ. ಅವಳು ಒಮ್ಮೆ ಹೊಸ ಸೀರೆ ಉಟ್ಟು ಬಂದು, ನನಗೂ ಅಂಥದ್ದೇ ಒಂದು ತಂದಿದ್ದಳು.

ಆಮೇಲೆ ಅಡುಗೆ ಬರೆಯುವವರು ಹೆಚ್ಚಾದರು. ನಮ್ಮ ಓದುಗರು ಕಡಿಮೆಯಾದರು. ಇದ್ದವರೂ ಕೆಳಗೆ ಒಂದೇ ಪ್ರಶ್ನೆ ಬರೆಯುತ್ತಿದ್ದರು. “ನಮ್ಮ ಊರಿಗೆ ಪ್ಯಾಕೆಟ್ ಬರುವುದಿಲ್ಲ, ಮಸಾಲೆಯ ಅಳತೆ ಕೊಡಿ.” “ಚಂದ ಬರೆಯುತ್ತೀರಿ, ಆದರೆ ಗುಟ್ಟು ಯಾಕೆ?”

ಪೈಗಳು ಬೆಳಗಿನ ಲೆಕ್ಕ ನೋಡಿ ಮುಖ ಸಣ್ಣದು ಮಾಡುತ್ತಿದ್ದರು.

“ಕೇಳಿದ್ದು ಕೊಡಿ ಟೀಚರ್.”

“ಬೇಡ ಅಂದಿದ್ದಾಳೆ ಪೈಗಳೇ.”

“ಅಳತೆ ಕೊಟ್ಟ ಮಾತ್ರಕ್ಕೆ ಈ ಕಾಲದಲ್ಲಿ ಹುರಿಯುವವರು ಯಾರು? ಓದ್ತಾರೆ, ಅಬ್ಬಾ ಇಷ್ಟು ಕೆಲಸವಾ ಅಂತಾರೆ, ಪ್ಯಾಕೆಟ್ಟೇ ತಗೊಳ್ತಾರೆ. ಅವಳಿಗೇ ಲಾಭ.”

ತಪ್ಪನ್ನೆಲ್ಲ ಪೈಗಳ ಮೇಲೆ ಹಾಕಿದರೆ ಈ ಬರಹಕ್ಕೆ ಅರ್ಥವಿಲ್ಲ. ಕೊನೆಗೆ ಬರೆದ ಕೈ ನನ್ನದು. ಜನ ಓದಿ ಹೊಗಳಿದ್ದು ನನಗೆ ಹಿಡಿಸಿತ್ತು. ನಿಮ್ಮ ಬರಹ ಓದಿ ಅಮ್ಮನ ನೆನಪಾಯಿತು ಎಂದು ಯಾರೋ ಬರೆದರೆ ಆ ದಿನವೆಲ್ಲ ನನ್ನ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ. ನಲವತ್ತು ದಾಟುವವರೆಗೆ ಬೇರೆಯವರ ಅರ್ಜಿ, ಬೇರೆಯವರ ಮದುವೆ ಕಾಗದ ಟೈಪು ಮಾಡಿದವಳು ನಾನು. ಓದುಗರು ಕಡಿಮೆಯಾದಾಗ ನನಗೆ ಭಯವಾಯಿತು. ಒಂದು ಮಧ್ಯಾಹ್ನ ಕುಳಿತು ಪೂರ್ತಿ ಅಳತೆ ಬರೆದೆ. ಮೆಂತೆಯ ವಿಷಯವನ್ನೂ ಬಿಡಲಿಲ್ಲ. ಅವಳು ಆಡಿದ ಮಾತುಗಳನ್ನು ಅವಳದೇ ರೀತಿಯಲ್ಲಿ ಬರೆದು ಕೆಳಗೆ ನನ್ನ ಹೆಸರು ಹಾಕಿದೆ.

ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ಪೈಗಳು ಆ ದಿನ ಗೋಳಿಬಜೆ ತರಿಸಿದರು.

ಗಿರಿಜಕ್ಕನಿಗೆ ಓದು ಅಷ್ಟಕ್ಕಷ್ಟೇ, ಕಂಪ್ಯೂಟರಂತೂ ಇಲ್ಲವೇ ಇಲ್ಲ. ಹೊಸದು ಎಂತ ಬರೆದಿರಿ ಎಂದು ಅವಳು ಬಂದಾಗ ಕೇಳಿದರೆ ನಾನು ಓದಿ ಹೇಳುತ್ತಿದ್ದೆ. ಅದೊಂದನ್ನು ಬಿಟ್ಟು ಉಳಿದದ್ದನ್ನು ಓದಿದೆ.

ಮೂರನೆಯ ತಿಂಗಳಿಗೆ ಶೆಟ್ಟರ ಆರ್ಡರು ಅರ್ಧವಾಯಿತು. ಮತ್ತೆ ನಿಂತೇಹೋಯಿತು. “ಮಳೆಗಾಲ ಅಲ್ದಾ, ಮೀನಿಲ್ಲ” ಎಂದಳು ಗಿರಿಜಕ್ಕ. ಮಳೆಗಾಲ ಮುಗಿಯಿತು, ದೋಣಿಗಳು ಕಡಲಿಗಿಳಿದವು, ಆರ್ಡರು ಬರಲಿಲ್ಲ. ಉಳಿದ ಫೋನುಗಳೂ ಒಂದೊಂದಾಗಿ ಕಡಿಮೆಯಾದವು. ಅವಳಿಗೆ ಒಂದೇ ಚಿಂತೆ, ಪುಡಿ ಎಲ್ಲೋ ಕೆಟ್ಟಿರಬೇಕು ಎಂದು. ಹುರಿಯುವ ಹೆಂಗಸರನ್ನು ಅನುಮಾನಿಸಿ ಗದರಿದಳು. ಅವರಲ್ಲೊಬ್ಬಳು ಅಳುತ್ತಾ ಕೆಲಸ ಬಿಟ್ಟು ಹೋದಳು. ನಾನು ಆಗಲೂ ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಶೆಟ್ಟರು ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಬೈಂದೂರಿಗೆ ಬಂದಿದ್ದಾರೆಂದು ಗೊತ್ತಾಯಿತು.

“ಹೋಪ ಟೀಚರೆ. ನಮ್ ಮಸಾಲಿ ಕೆಟ್ಟಿತ್ತಾ, ಎಂತ ತಪ್ಪಾಯ್ತ್ ಅಂತ ಕೇಂಬ. ನಂಗೊಬ್ಳಿಗೆ ಮಾತಾಡುಕ್ ಆತಿಲ್ಲ.”

ಕಾರಣ ಎಂತ ಇರಬಹುದೆಂದು ನನಗೆ ಅರ್ಧ ಗೊತ್ತಿತ್ತು. ಆದರೂ ಹೋದೆ, ಬರುವುದಿಲ್ಲ ಎನ್ನಲು ಧೈರ್ಯ ಸಾಲಲಿಲ್ಲ. ಅವಳು ಆ ದಿನ ತಾನೇ ಒಬ್ಬಳೇ ಹುರಿದ ಹೊಸ ಪುಡಿಯ ಎರಡು ಪ್ಯಾಕೆಟ್ ಚೀಲದಲ್ಲಿಟ್ಟುಕೊಂಡು ಬಂದಿದ್ದಳು.

ಒಕ್ಕಲು ಮುಗಿದು ಮರುದಿನದ ಮೀನೂಟ ನಡೆಯುತ್ತಿತ್ತು. ಶೆಟ್ಟರು ಒಳ್ಳೆಯ ಮನುಷ್ಯರು. ನಮ್ಮನ್ನು ಕಂಡು ಅಂಗಳಕ್ಕೇ ಇಳಿದು ಬಂದರು.

“ಹ್ವಾಯ್, ಬನಿ ಬನಿ ಟೀಚರೆ! ಗಿರಿಜಕ್ಕ, ಬನಿ. ಮಾತೆಲ್ಲ ಮತ್ತೆ. ಮೊದ್ಲ್ ಊಟಕ್ಕೆ ಕೂಕಣಿ.”

ಬಾಳೆಲೆಗೆ ಅನ್ನ ಬಂತು, ಬಂಗಡೆ ಸಾರು ಬಂತು. ಗಿರಿಜಕ್ಕ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ಮತ್ತೆ ಸಾರನ್ನಷ್ಟೇ ಬೆರಳಿನಲ್ಲಿ ತೆಗೆದು ನೋಡಿದಳು. ಅವಳ ಮುಖ ಅರಳಿತು.

“ಇದ್ ನಮ್ ಮಸಾಲಿ!” ಎಂದಳು ನನಗೆ. “ಕಾಣಿ ಟೀಚರೆ, ಕೆಡ್ಲಿಲ್ಲ. ಅವ್ರ್ ನಮ್ದೇ ಹಾಕಿರ್.”

ಶೆಟ್ಟರು ಹಿಂದೆಯೇ ನಿಂತಿದ್ದರು. “ನಿಮ್ದೇ, ಮತ್ಯಾರ್ದ್? ಟೀಚರ್ ಅಳತಿ ಬರ್ದ್ ಹಾಕಿರಲೆ, ನಮ್ ಹೋಟ್ಲಿನ ಅಡುಗೆಯವ ಅದನ್ನೇ ಕಂಡ್ ಹುರೀತಾ. ಒಂದ್ ಚೂರ್ ಹೆಚ್ಚ್‌ಕಮ್ಮಿ ಇಲ್ಲ. ನಾನೇ ನಿಮಗ್ ಫೋನ್ ಮಾಡ್ಕ್ ಅಂತಿದ್ದೆ, ತುಂಬ ಉಪಕಾರ ಆಯ್ತ್ ಟೀಚರೆ.”

ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜಕ್ಕೂ ಉಪಕಾರ ಹೇಳುತ್ತಿದ್ದರು. ಗಿರಿಜಕ್ಕನಿಗೆ ತಿಳಿಸಿಯೇ ನಾನು ಬರೆದದ್ದೆಂದು ಅವರು ತಿಳಿದಿದ್ದರು.

ಗಿರಿಜಕ್ಕ ನನ್ನ ಕಡೆ ನೋಡಲಿಲ್ಲ. ಎಲೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡಳು. ಬೇರೆಯವರ ಮನೆಯ ಅನ್ನ ಎಲೆಯಲ್ಲಿ ಬಿಡಬಾರದೆಂದು ಉಂಡದ್ದು. ಕೈ ತೊಳೆದು, ಚೀಲದ ಪ್ಯಾಕೆಟ್ಟುಗಳನ್ನು ಶೆಟ್ಟರ ಹೆಂಡತಿಗೆ ಕೊಟ್ಟು, “ಒಕ್ಕಲಿಗ್ ಬಂದದ್ದ್, ಬರಿಗೈಯಂಗೆ ಬಪ್ಪುಕಾಗ” ಎಂದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಬೇರೆ ಸೀಟು ಖಾಲಿ ಇರಲಿಲ್ಲ. ಮರವಂತೆಯ ಹತ್ತಿರ ಕಡಲು ಕಂಡಾಗ ಅವಳು ಮಾತಾಡಿದಳು.

“ಅಳತಿ ನಂದಾಗಿದ್ರೆ ಹೋಯ್ಲಿ ಅಂತಿದ್ದೆ. ಅದ್ ಅತ್ತೆದ್. ಸಾಯುಕಾರೆ ನಂಗ್ ಮಾತ್ರ ಹೇಳದ್ದ್, ತನ್ ಮಗಳಿಗೂ ಹೇಳ್ಲಿಲ್ಲ.”

“ತಪ್ಪಾಯ್ತು ಗಿರಿಜಕ್ಕ. ಇವತ್ತೇ ತೆಗೆಯುತ್ತೇನೆ.”

“ಬರೆಯೂಕ್ ಮೊದ್ಲ್ ನನ್ ಹತ್ರ ಒಂದ್ ಮಾತ್ ಕೇಣ್ಲಕ್ಕಿತ್ತಲೆ” ಎಂದಳು.

ಕುಂದಾಪುರದಲ್ಲಿ ನಾನು ಇಳಿದೆ. ಅವಳು ಕೋಟೇಶ್ವರಕ್ಕೆ ಹೋದಳು.

ಅಂಗಡಿಗೆ ಹೋಗಿ ಆ ಪುಟ ತೆಗೆದೆ. ಆದರೆ ಹಾಗೆ ತೆಗೆಯುವುದಕ್ಕೆ ಏನೂ ಅರ್ಥವಿಲ್ಲವೆಂದು ಒಂದು ವಾರದಲ್ಲೇ ತಿಳಿಯಿತು. ಯಾರ್ಯಾರೋ ತಮ್ಮ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು. ತೆಗೆಯಿರಿ ಎಂದು ಕೇಳಿ ಕಾಗದ ಬರೆದೆ, ಇಬ್ಬರು ತೆಗೆದರು. ಅಷ್ಟು ಹೊತ್ತಿಗೆ ಇಪ್ಪತ್ತು ಕಡೆ ಆಗಿತ್ತು. ವರ್ಷ ಕಳೆಯುವಷ್ಟರಲ್ಲಿ ಯಾವುದೋ ಊರಿನ ಪ್ಯಾಕೆಟ್ಟೊಂದು ಕುಂದಾಪುರದ ಅಂಗಡಿಗಳಿಗೇ ಬಂತು. ಅದರ ಬೆನ್ನಿನ ಮೇಲೆ ಬೀಜಾಡಿಯ ದಂಡೆ, ಬೆಕ್ಕುಗಳು, ನನ್ನ ಸಾಲುಗಳೇ. ಪೈಗಳಿಗೆ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒಳಗೆ ಹೋದರು. ಮರುದಿನದಿಂದ ಬೆಳಗಿನ ಲೆಕ್ಕ ಕೇಳುವುದನ್ನು ಬಿಟ್ಟರು.

ನಾನು ಸುಮ್ಮನೆ ಕೂರಲಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗಿರಿಜಕ್ಕ ಹುರಿಯುವ ವಿಡಿಯೊ ಮಾಡೋಣ ಎಂದು ಹೋದೆ. ಅವಳು ಬೇಡ ಎನ್ನಲಿಲ್ಲ. ನಾನು ಹೇಳಿದ ಕಡೆ ಕುಳಿತಳು, ಹೇಳಿದ ಕಡೆ ನೋಡಿದಳು. ಸಾವಿರಾರು ಜನ ನೋಡಿದರು. ಅಕ್ಕನ ಭಾಷೆ ಚಂದ ಎಂದು ಬರೆದರು. ಪುಡಿ ಬೇಕು ಎಂದು ಫೋನ್ ಮಾಡಿದ್ದು ಬೆರಳೆಣಿಕೆಯಷ್ಟು ಜನ. ಎರಡನೆಯ ಸಲ ಕ್ಯಾಮೆರಾ ಹಿಡಿದು ಹೋದಾಗ ಶೆಡ್ಡಿನಲ್ಲಿ ಅವಳೂ ಇನ್ನೊಬ್ಬಳೂ ಮಾತ್ರ ಇದ್ದರು. ಮೂರನೆಯ ಸಲ ಶೆಡ್ಡಿಗೆ ಬೀಗ ಬಿದ್ದಿತ್ತು. ಪಕ್ಕದ ಅಂಗಡಿಯವರು, “ಅವ್ರ್ ಮತ್ತೆ ಮೀನಿಗೇ ಹೋತಿರ್” ಎಂದರು.

2016ರಲ್ಲಿ ನಾನು ಕೆಲಸ ಬಿಟ್ಟೆ. ಕಣ್ಣು ಮಂಜಾಗಿತ್ತು ಎಂಬುದು ನಾನು ಹೊರಗೆ ಹೇಳುವ ಕಾರಣ.

ಹೊಸಬರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಪುಕ್ಕಟೆ ಕೊಡಿ ಎಂದು ನಿಮಗೆ ಕಲಿಸುತ್ತಾರೆ. ಕೊಡಿ. ಆದರೆ ಕೊಡುವ ಮೊದಲು ಅದು ಯಾರದು ಎಂದು ನೋಡಿ. ನಾನು ಬರೆದ ಬೆಕ್ಕುಗಳನ್ನು, ದಂಡೆಯನ್ನು ಕೊಡುವ ಹಕ್ಕು ನನಗಿತ್ತು. ಅಳತೆ ಕೊಡುವ ಹಕ್ಕು ಇರಲಿಲ್ಲ. ಇದು ತಿಳಿಯಲು ಓದು ಬೇಕಾಗಿಲ್ಲ, ಕಂಪ್ಯೂಟರೂ ಬೇಕಾಗಿಲ್ಲ. ಆದರೂ ನನಗೆ ಸಮಯಕ್ಕೆ ತಿಳಿಯಲಿಲ್ಲ.

ಕೆಲಸ ಬಿಟ್ಟ ವರ್ಷವೇ ಒಂದು ಬೆಳಿಗ್ಗೆ ಕೋಟೇಶ್ವರದ ಮೀನು ಮಾರುಕಟ್ಟೆಗೆ ಹೋದೆ. ಅಷ್ಟು ದಿನ ಬೇಕೆಂದೇ ಆ ಕಡೆ ಹೋಗಿರಲಿಲ್ಲ. ಗಿರಿಜಕ್ಕ ಮೂಲೆಯಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಳು. ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದಳು, ಡಾಕ್ಟರು ಕೊಡುವಂಥದ್ದು. ತಲೆ ತಿರುಗಿಸಲಾಗದೆ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದಳು.

“ಬನಿ ಟೀಚರೆ. ಬಂಗ್ಡಿ ಲಾಯ್ಕಿತ್ತ್. ಕೊಡ್ಕಾ?”

“ಕೊಡು” ಎಂದೆ. ಅವಳು ಮೀನು ಸರಿಮಾಡತೊಡಗಿದಳು. ಇನ್ನೊಮ್ಮೆ ತಪ್ಪಾಯಿತು ಎನ್ನಲೆಂದೇ ನಾನು ಮನೆಯಿಂದ ಹೊರಟು ಬಂದದ್ದು.

ಆಗ ನನ್ನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹೊಸದಾಗಿ ಮದುವೆಯಾಗಿ ಘಟ್ಟದ ಮೇಲಿನಿಂದ ಈ ಊರಿಗೆ ಬಂದವಳೆಂದು ಅವಳ ಮಾತಿನಲ್ಲೇ ತಿಳಿಯುತ್ತಿತ್ತು. ಮೀನು ತೆಗೆದುಕೊಂಡು, ನಾಚಿಕೊಂಡು ಕೇಳಿದಳು: “ಅಕ್ಕಾ, ಇದಕ್ಕೆ ಮಸಾಲೆ ಹೇಗೆ ಮಾಡೋದು? ನಮ್ಮನೇಲಿ ಅತ್ತೆ ಇಲ್ಲ, ಹೇಳಿಕೊಡೋರು ಯಾರೂ ಇಲ್ಲ.”

ಗಿರಿಜಕ್ಕ ಕತ್ತಿಯಿಂದ ಕೈ ತೆಗೆಯಲಿಲ್ಲ, ಮುಖವನ್ನೂ ಎತ್ತಲಿಲ್ಲ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

“ಮೊಬೈಲಂಗೆ ಇತ್ತಲೆ ಹೆಣ್ಣೆ” ಎಂದಳು. “ಅದ್ರಂಗೇ ಕಾಣ್.”

ಮತ್ತೆ ನನ್ನ ಮೀನನ್ನು ತೊಳೆದು, ಎಲೆಯಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದಳು.